ತಗಡಿಗೆ ಬಳಿದ ಸುಣ್ಣ

ವರದಿಯಲ್ಲಿ ಸಿಟ್ಟು ಕಾಣಿಸಬಾರದು ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಕಾಣಿಸಲಿಲ್ಲ. ತಿದ್ದಿ, ತೊಳೆದು, ಒಣಗಿಸಿಯೇ ಕೊಟ್ಟೆ. ಆದರೆ ವರದಿಯೊಳಗೆ ಜಾಗ ಸಿಗದ ಸಿಟ್ಟು ಎಲ್ಲಿಗೆ ಹೋಗಬೇಕು? ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಪ್ಪಿಸಿಕೊಂಡವರ ಹಾಗೆ ಗಂಟು ಬಗಲಲ್ಲಿಟ್ಟುಕೊಂಡು ಅಲ್ಲೇ ಕುಳಿತಿದೆ. ಇವತ್ತು ಅದನ್ನು ಬಸ್ಸು ಹತ್ತಿಸುತ್ತೇನೆ.

ಎಂ.ಎಸ್ಸಿ. ಮುಗಿದ ವರ್ಷ ದೂರದ ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನನಗೆ ಇಂಟರ್ನ್‌ಶಿಪ್ ಸಿಕ್ಕಿತು. ವಿಷಯ ಕೃತಕ ಬುದ್ಧಿಮತ್ತೆಯ ಪಕ್ಷಪಾತ, ಹವಾಮಾನ ಬದಲಾವಣೆ ಮತ್ತು ಸಾಮಾಜಿಕ ಸಮಾನತೆ. ಸೇಡಂನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅಜ್ಜ ಇದನ್ನೆಲ್ಲ ಕೇಳಿಸಿಕೊಂಡರು. ನನಗೆ ಮಾತು ಕಲಿಸಿದವರು ಅವರೇ. ಯಾವ ದೊಡ್ಡ ಶಬ್ದ ಬಂದರೂ ಅದನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಕಾಲು ತೊಳೆಸಿ, ಆಮೇಲೆಯೇ ಒಳಗೆ ಬಿಟ್ಟುಕೊಳ್ಳುವ ಮನುಷ್ಯ.

“ಇಂಟರ್ನ್‌ಶಿಪ್ ಅಂದ್ರ ಉಮೇದವಾರಿ ಏನವಾ?”

“ಹೂಂ ಅಜ್ಜ, ಹಂಗೇ.”

“ಮತ್ತ ಯಂತ್ರ ಪಕ್ಷಪಾತ ಮಾಡ್ತದಂದ್ರ ಹ್ಯಾಂಗ?”

“ಕೆಲವರನ್ನ ನೋಡ್ತದ, ಕೆಲವರನ್ನ ಬಿಡ್ತದ.”

“ಹಂಗನ್ನು. ಪಂಕ್ತಿಭೇದ. ಒಬ್ಬರ ಎಲಿಗೆ ಹೋಳಿಗಿ ಮ್ಯಾಲ ತುಪ್ಪ, ಒಬ್ಬರ ಎಲಿಗೆ ಬರೇ ಸಾರು. ಹೋಗು ತಾಯಿ, ಬಡಸಾವ್ರ ಕೈ ಹಿಡಿ. ಭಾಳ ಛಲೋ ಕೆಲಸ.”

ನಾನೂ ಹಾಗೆಂದೇ ನಂಬಿದ್ದೆ.

ಕೆಲಸ ಹೀಗಿತ್ತು. ಉಪಗ್ರಹ ಆಕಾಶದಿಂದ ತೆಗೆದ ಚಿತ್ರಗಳನ್ನು ಕಂಪ್ಯೂಟರಿಗೆ ಕೊಡುತ್ತಾರೆ. ಅದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಮನೆಗಳ ಚಾವಣಿಗಳನ್ನು ನೋಡಿ, ಯಾವ ಓಣಿಯ ಯಾವ ಮನೆ ಬೇಸಿಗೆಯಲ್ಲಿ ಹೆಚ್ಚು ಬೇಯುತ್ತದೆ ಎಂದು ಅಂಕ ಹಾಕುತ್ತದೆ. ಹೆಚ್ಚು ಅಂಕ ಬಂದ ಮನೆಗಳಿಗೆ ತಗಡಿನ ಕೆಳಗೆ ಝಳ ತಡೆಯುವ ಇನ್ನೊಂದು ಚಾವಣಿ ಮತ್ತು ಒಂದು ಫ್ಯಾನು, ಬೇಸಿಗೆ ಏರುವ ಮುಂಚೆಯೇ ಸಿಗುತ್ತವೆ. ಸಂಸ್ಥೆಗೆ ಹಣ ಕೊಡುವವರು ಯಾರೋ ಹೊರಗಿನವರು. ಯಂತ್ರ ಅಂಕ ಹಾಕುವಾಗ ಯಾರಿಗಾದರೂ ಅನ್ಯಾಯ ಮಾಡುತ್ತಿದೆಯೇ ಎಂದು ಊರೂರು ತಿರುಗಿ ನೋಡಿಬರುವುದು ನನ್ನ ಪಾಲಿನ ಕೆಲಸ. ನೋಡು ಎಂದರು, ನೋಡಿದೆ. ನೋಡಿದ್ದನ್ನು ಹೇಳಿದ ಮೇಲೆ ಏನಾಯಿತು ಎಂಬುದೇ ಈ ಕಥೆ.

ನನ್ನ ಸೋದರತ್ತೆಯ ಮನೆ ಶಹಾಬಾದಿನಲ್ಲಿ, ಪರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಯಾರ್ಡುಗಳ ಹಿಂದಿನ ಓಣಿಯಲ್ಲಿದೆ. ಗೋಡೆ ಕಲ್ಲಿನದು, ನೆಲ ಕಲ್ಲಿನದು, ಮೇಲೆ ಮಾತ್ರ ತಗಡು. ಗಾಳಿಗೆ ಹಾರದಿರಲೆಂದು ತಗಡಿನ ಮೇಲೆ ಒಡೆದ ಪರ್ಸಿ ತುಂಡುಗಳ ಭಾರ. ಮಾವ ಹರೆಯವನ್ನೆಲ್ಲ ಯಾರ್ಡಿನಲ್ಲಿ ಕಳೆದವರು. ಅವರು ತಿಕ್ಕಿ ಹೊಳಪು ಕೊಟ್ಟ ಕಲ್ಲಿನ ಮೇಲೆ ಎಷ್ಟು ಮನೆಗಳ ಮಕ್ಕಳು ಅಂಬೆಗಾಲಿಟ್ಟಿದ್ದಾರೋ ಲೆಕ್ಕವಿಲ್ಲ. ಕಲ್ಲಿನ ಅಂಚು ಹೊಡೆಯುವಾಗ ಏಳುವ ಒಣ ಹಿಟ್ಟು ಮಾತ್ರ ಅವರ ಎದೆಯಲ್ಲೇ ಉಳಿಯಿತು. ಈಗ ಬಾಗಿಲಿಂದ ಬಚ್ಚಲಿಗೆ ಹೋಗಿಬಂದರೂ ಗೋಡೆ ಹಿಡಿದು ನಿಲ್ಲಬೇಕು. ದವಾಖಾನೆಯ ಡಾಕ್ಟರು ಅತ್ತೆಗೆ ಹೇಳಿದ್ದು ಒಂದೇ ಮಾತು. ಈ ಬೇಸಿಗೆಯಲ್ಲಿ ಇವರನ್ನು ತಂಪಿನ ಜಾಗದಲ್ಲಿಡಿ, ಝಳ ಬಡಿದರೆ ನಮ್ಮ ಕೈಯಲ್ಲೂ ಏನೂ ಉಳಿಯುವುದಿಲ್ಲ.

ತಂಪಿನ ಜಾಗವಂತೆ. ತಗಡಿನ ಕೆಳಗೆ, ಶಹಾಬಾದಿನಲ್ಲಿ, ಏಪ್ರಿಲ್ ತಿಂಗಳಲ್ಲಿ.

ಆದ್ದರಿಂದ ಆ ಎರಡನೇ ಚಾವಣಿಯ ಸುದ್ದಿ ಹೇಳಿದಾಗ ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ಖರೇನಾ? ನಮ್ಮ ಓಣಿಗೂ ಕೊಡ್ತಾರಾ?”

“ಕೊಡಬೇಕಲ್ಲ ಅತ್ತಿ. ಇದಕ್ಕಿಂತ ಸುಡೂ ಓಣಿ ಇನ್ನೆಲ್ಲ್ಯದ? ಹೋಳಿ ಆದ ಮ್ಯಾಲ ಆಕಾಶದಿಂದ ಫೋಟೋ ತಗೀತಾರ, ಅದನ್ನ ನೋಡಿ ಠರಾಯಿಸ್ತಾರ.”

“ಮ್ಯಾಲಿಂದ ನೋಡ್ತಾರಾ? ತಗಡ?”

“ಹೂಂ. ಆದ್ರ ನೀವು ಏನೂ ಮಾಡೂದು ಬ್ಯಾಡ. ಹ್ಯಾಂಗದ ಹಂಗ ಇರಲಿ.”

ಅತ್ತೆ ನನ್ನನ್ನು ನೆತ್ತಿಯಿಂದ ಪಾದದವರೆಗೆ ನೋಡಿದಳು. “ಏನೂ ಮಾಡೂದು ಬ್ಯಾಡಂತ! ಇಷ್ಟು ಸಾಲಿ ಕಲ್ತು ಇದೇನ ಕಲ್ತಿ? ಬೀಗರು ಬರ್ತಾರಂದ್ರ ಅಂಗಳ ಕಸ ಹೊಡಿಲಾರದೆ ಬಿಡ್ತಾರೇನ?”

“ಅವರು ಬರಂಗಿಲ್ಲ ಅತ್ತಿ. ಬರೇ ನೋಡ್ತಾರ.”

“ನೋಡ್ತಾರಲ್ಲ? ಮತ್ತ?”

ನಮ್ಮ ಕಡೆಯ ಮಂದಿಯನ್ನು ಬಲ್ಲವರಿಗೆ ಆ ‘ಮತ್ತ’ವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರು ಬರುತ್ತಾರೆಂದರೆ ಹರಿದ ಕೌದಿ ಮಂಚದ ಕೆಳಗೆ ಹೋಗುತ್ತದೆ, ನೆರೆಮನೆಯ ಕಪ್ಪು-ಬಸಿಗಳು ನಮ್ಮ ಮನೆಗೆ ಬರುತ್ತವೆ, ಇದ್ದ ಒಂದು ಹಿಡಿ ಸಕ್ಕರೆಯೂ ಬಂದವರ ಚಹಾಕ್ಕೆ ಬೀಳುತ್ತದೆ. ಸರಕಾರದವರು ಸಮೀಕ್ಷೆಗೆ ಬಂದರೂ ಅಷ್ಟೇ. “ಏನು ಕಷ್ಟ ಅದ?” ಎಂದು ಅವರು ಕೇಳುವುದರೊಳಗೆ ಇವರು “ಊಟ ಆಯ್ತೇನ್ರಿ?” ಎಂದು ಕೇಳಿರುತ್ತಾರೆ. ಬಡತನವನ್ನು ಬಿಸಿಲಿಗೆ ಹರವಿಡುವುದು ನಮ್ಮವರಿಗೆ ಬರುವುದೇ ಇಲ್ಲ.

ಮರುದಿನ ನಾನು ಚಿಂಚೋಳಿಗೆ ಹೋದೆ. ಅಲ್ಲಿಯ ಬೇವಿನ ಗಿಡಗಳಡಿಯ ತಗಡಿನ ಗುಡಿಸಲುಗಳು ಹಿಂದಿನ ವರ್ಷದ ಚಿತ್ರದಲ್ಲಿ ಬರೀ ಹಸಿರಾಗಿ ಕಂಡು, ಯಂತ್ರ ಅವನ್ನೆಲ್ಲ ತೋಟವೆಂದುಕೊಂಡಿತ್ತು. ಅದನ್ನೆಲ್ಲ ಬರೆದುಕೊಂಡು, ಹೋಳಿ ಮುಗಿದ ಮೇಲೆ ಶಹಾಬಾದಿಗೆ ಮರಳಿದರೆ ಅತ್ತೆಯ ಓಣಿಯ ಗುರುತೇ ಸಿಗಲಿಲ್ಲ.

ಇಡೀ ಓಣಿ ಬೆಳ್ಳಗಾಗಿತ್ತು. ತಗಡುಗಳಿಗೆಲ್ಲ ಸುಣ್ಣ. ಬರೀ ಸುಣ್ಣವೂ ಅಲ್ಲ, ಹೊಳಪಿಗೆ ಚಿಟಿಕೆ ನೀಲಿ, ಉದುರದಿರಲೆಂದು ಜಾಲಿಯ ಅಂಟು. ಬಿದಿರಿನ ಗಳಕ್ಕೆ ಕಸಬರಿಗೆ ಕಟ್ಟಿ, ಏಣಿಯ ಮೇಲೆ ನಿಂತು ಹೆಂಗಸರೆಲ್ಲ ಸೇರಿ ಬಳಿದಿದ್ದರಂತೆ. ಭಾರಕ್ಕಿಟ್ಟ ಪರ್ಸಿ ತುಂಡುಗಳನ್ನೂ ತೊಳೆದು ಸಾಲಾಗಿ ಜೋಡಿಸಿದ್ದರು.

“ಹ್ಯಾಂಗದ?” ಎಂದು ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತಳು. “ನಮ್ಮ ಹುಡುಗಿ ಕೆಲಸ ಮಾಡೂ ಮಂದಿ ನೋಡ್ತಾರ, ನಿನ್ನ ಮಾನ ಹೋಗಬಾರ್ದು ಅಂತ ಎಲ್ಲಾರಿಗೂ ಹೇಳೀನಿ.”

ಒಳಗಿನಿಂದ ಮಾವ ಉಸಿರು ಕೂಡಿಸಿಕೊಂಡು ಕೂಗಿದರು. “ಲಗ್ನದಾಗ ಸೈತ ಮೋತಿಗೆ ಪೌಡರ್ ಹಚ್ಚಿಲ್ಲ ಈಕಿ. ಈಗ ತಗಡಿಗೆ ಹಚ್ಯಾಳ ನೋಡವಾ!”

ಎದುರುಮನೆಯ ಆಯಿ, ಸೊಸೆಯ ಹೆಗಲು ಹಿಡಿದು ಏಣಿ ಹತ್ತಿ ತನ್ನ ತಗಡಿಗೆ ತಾನೇ ಸುಣ್ಣ ಹೊಡೆದಿದ್ದ ಮುದುಕಿ, ಕೈಯ ಬೆರಳುಗಳನ್ನು ತೋರಿಸಿದಳು. ಸುಣ್ಣ ತಿಂದು ಬಿರಿದಿದ್ದವು. ನಗುತ್ತಿದ್ದಳು.

ಚಿತ್ರ ಆಗಲೇ ತೆಗೆದಾಗಿತ್ತು.

ಪಟ್ಟಿ ಬಂದಾಗ ಅತ್ತೆಯ ಓಣಿ ತಳದಲ್ಲಿತ್ತು. ಯಂತ್ರ ಬರೆದ ಕಾರಣ ಬಲು ಚೊಕ್ಕವಾಗಿತ್ತು. ಚಾವಣಿ ಬಿಳಿ ಇದೆ, ತಂಪು ಚಾವಣಿಯ ಸೌಲಭ್ಯ ಈಗಾಗಲೇ ಇದೆ, ಅಪಾಯ ಕಡಿಮೆ. ದೊಡ್ಡ ನಗರಗಳಲ್ಲಿ ಉಳ್ಳವರು ಮನೆಯ ಮೇಲೆ ಬಿಳಿ ಬಣ್ಣ ಹೊಡೆಸುತ್ತಾರಂತೆ. ಆ ಚಿತ್ರಗಳನ್ನು ನೋಡಿ ನೋಡಿ ಯಂತ್ರ ಕಲಿತ ಪಾಠವಿದು. ಬಿಳಿ ಕಂಡರೆ ಉಳ್ಳವರು.

ಪಟ್ಟಿಯ ತಲೆಯಲ್ಲಿ ಚಿತ್ತಾಪುರದ ಒಂದು ಸಾಲು ಇತ್ತು. ಕರಿ ತಗಡು, ಒತ್ತೊತ್ತಾಗಿ ಕಟ್ಟಿದ್ದು, ಒಂದು ಗಿಡವೂ ಇಲ್ಲ, ಅತಿ ಹೆಚ್ಚು ಅಪಾಯ. ನೋಡಿಬರಲು ಹೋದೆ. ದೊಡ್ಡ ಗೇಟು, ಗೇಟಿನ ಪಕ್ಕ ಬಾಜು ಮುರಿದ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಕಾವಲುಗಾರ, ಅವನ ಕಾಲ ಬಳಿ ಒಂದು ಬೆಕ್ಕು.

“ಯಾರ್ ಬೇಕಾಗಿತ್ರಿ ಬಾಯಾರ?”

“ಇಲ್ಲಿ ಯಾರ್ ಯಾರು ಇರ್ತಾರ್ರಿ?”

“ನಾ ಇರ್ತೀನಿ. ಈ ಬೆಕ್ಕ ಇರ್ತದ. ಒಳಗ ತೊಗರಿ ಇರ್ತದ.”

ಅದು ಬೇಳೆ ಮಿಲ್ಲಿನವರ ಗೋದಾಮುಗಳ ಸಾಲು. ನಾನು ಯಾಕೆ ಬಂದೆನೆಂದು ಹೇಳಿದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

“ಅಂದ್ರ ತೊಗರಿಗೆ ಫ್ಯಾನ್ ಕೂಡಸ್ತೀರೇನ್ರಿ? ಕೂಡಸ್ರಿ, ಕೂಡಸ್ರಿ. ಪಾಪ, ಚೀಲದಾಗ ಭಾಳ ಧಗಿ ಆಗ್ತಿರಬೇಕು.”

ಅವನು ನಕ್ಕ, ನಾನೂ ನಕ್ಕೆ. ಚೀಲದ ತೊಗರಿಗೆ ಸಿಕ್ಕ ಅಂಕ ಮಾವನಿಗೆ ಸಿಕ್ಕಿರಲಿಲ್ಲ.

ಮೇಡಂಗೆ ಫೋನು ಮಾಡಿದ್ದು ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಿಂದ. ಮೇಡಂ ನಮ್ಮ ತಂಡದ ಮುಖ್ಯಸ್ಥೆ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನನಗೆ ಜ್ವರ ಬಂದಾಗ ದಿನವೂ ವಿಚಾರಿಸಿಕೊಂಡವರು ಅವರು. ಪೂರ್ತಿ ಕೇಳಿಸಿಕೊಂಡು ಬಹಳ ಖುಷಿಪಟ್ಟರು.

“ಅದ್ಭುತ! ನಾವು ಹುಡುಕ್ತಾ ಇದ್ದದ್ದೇ ಇದು. ಜನ ಮರ್ಯಾದೆಗೋಸ್ಕರ ಬಳಿದ ಸುಣ್ಣಾನ ಮಾಡೆಲ್ ಶ್ರೀಮಂತಿಕೆ ಅಂತ ಓದುತ್ತೆ ಅಂದ್ರೆ, ಎಂಥ ಉದಾಹರಣೆ! ಇದನ್ನ ಚೆನ್ನಾಗಿ ಬರೀಬೇಕು ನೀವು.”

“ಬರೀತೀನಿ ಮೇಡಂ. ಹಾಗಾದರೆ ಆ ಓಣಿಯನ್ನು ಪಟ್ಟಿಗೆ ಸೇರಿಸಬಹುದಲ್ಲ?”

ಆ ಕಡೆ ಮೇಡಂ ಏನೋ ಟೈಪು ಮಾಡಿ ನೋಡಿದರು. ಈ ಕಡೆ ಯಾವುದೋ ಗಾಡಿ ಬರುತ್ತಿರುವುದನ್ನು ಮೈಕು ಸಾರುತ್ತಿತ್ತು.

“ಪಟ್ಟಿ ಫ್ರೀಜ್ ಆಗಿದೆಯಲ್ಲಮ್ಮ. ಗೋದಾಮನ್ನ ತೆಗೆಸ್ತೀನಿ, ಅದು ತಪ್ಪು. ಆದ್ರೆ ಕೈಯಾರೆ ಒಂದು ಓಣಿ ಸೇರಿಸಿದ್ರೆ, ಅದೂ ನಿಮ್ಮ ಸಂಬಂಧಿಕರ ಓಣಿ, ನಾವೇ ಪಕ್ಷಪಾತ ಮಾಡಿದ ಹಾಗಾಗಲ್ವಾ?”

ನಾನು ಕಂಬಕ್ಕೆ ಒರಗಿದೆ.

“ಮೇಡಂ, ಅಲ್ಲಿ ಎದೆ ಕಾಯಿಲೆಯವರಿದ್ದಾರೆ. ಮೇ ತಿಂಗಳು ಹತ್ತಿರ ಬಂತು.”

“ಅರ್ಥ ಆಗುತ್ತೆ. ಆದ್ರೂ ನಿಮ್ಮ ಕಡೆಯವರಿಗೆ ಬಿಸಿಲು ಸ್ವಲ್ಪ ರೂಢಿ ಇರುತ್ತಲ್ಲ? ನೋಡಿ, ಮುಂದಿನ ಚಿತ್ರ ಬಂದಾಗ ಮಾಡೆಲ್ ತಾನೇ ಮತ್ತೆ ಅಂಕ ಹಾಕುತ್ತೆ. ಆಗ ಚಾವಣಿ ಬೇರೆ ಥರ ಕಂಡ್ರೆ ತಾನಾಗೇ ಮೇಲೆ ಬರುತ್ತೆ.”

“ಅಂದರೆ ಸುಣ್ಣ ಕೆರೆದುಹಾಕಿದರೆ?”

“ನಾನು ಹಾಗೆ ಹೇಳ್ಲಿಲ್ಲ. ನಾವು ಹಾಗೆ ಹೇಳೋ ಹಾಗೂ ಇಲ್ಲ.”

ಬಿಸಿಲು ರೂಢಿ ಎಂಬ ಈ ಮಾತು ಇವತ್ತಿಗೂ ನನ್ನ ಮೈ ಉರಿಸುತ್ತದೆ. ಕಲಬುರಗಿ ಕಡೆಯವರಿಗೆ ಬಿಸಿಲು ರೂಢಿ, ಕಲ್ಲಿನವರಿಗೆ ದೂಳು ರೂಢಿ, ಹೆಂಗಸರಿಗೆ ಹೊಗೆ ರೂಢಿ. ಯಾರು ಯಾವುದಕ್ಕೆ ರೂಢಿಯಾಗಬೇಕೆಂದು ಹಂಚಿದವರು ಯಾರು? ಅಜ್ಜ ಹುಟ್ಟಿದಾಗ ಇದ್ದ ಬಿಸಿಲು ಇದಲ್ಲ ಎಂದು ಅಜ್ಜನೇ ಹೇಳುತ್ತಾರೆ. ಆಗ ರಾತ್ರಿಯಾದರೂ ನೆಲ ಆರುತ್ತಿತ್ತಂತೆ. ಈಗ ಕಲ್ಲಿನ ಗೋಡೆ ಬೆಳಗಿನ ಜಾವದವರೆಗೂ ಒಲೆಯ ಹಾಗೆ ಕಾವು ಬಿಡುತ್ತದೆ. ಈ ಬಿಸಿಲನ್ನು ಹೆಚ್ಚಿಸಿದವರಲ್ಲಿ ಅತ್ತೆಯ ಓಣಿಯವರ ಪಾಲೆಷ್ಟು? ಒಂದು ಬಲ್ಬು, ಒಂದು ಟಿ.ವಿ., ನಿಂತು ನಿಂತು ತಿರುಗುವ ಟೇಬಲ್ ಫ್ಯಾನು. ಬೇಯುವ ಪಾಲು ಮಾತ್ರ ಪೂರ್ತಿ ಅವರದು. ಅದಕ್ಕೂ ಅಂಕ ಗಿಟ್ಟಿಸಬೇಕು, ಅದೂ ಆಕಾಶದಿಂದ ನೋಡಿದರೆ ಕೊಳಕಾಗಿ ಕಾಣಿಸಿ.

ಅತ್ತೆಯ ಮನೆಗೆ ಹೋದಾಗ ಮಧ್ಯಾಹ್ನ. ಬಾಗಿಲಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದಳು. ಒಳಗೆ ಮಾವ ಬರಿಯ ಕಲ್ಲಿನ ನೆಲದ ಮೇಲೆ ಅಂಗಾತ ಮಲಗಿದ್ದರು. ಅವರು ಉಸಿರೆಳೆದುಕೊಳ್ಳುವುದು ಬಾಗಿಲಿಗೇ ಕೇಳಿಸುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ. ಪಟ್ಟಿಯಲ್ಲಿ ಓಣಿ ಯಾಕೆ ತಳಕ್ಕೆ ಹೋಯಿತು, ಮುಂದಿನ ಚಿತ್ರದೊಳಗೆ ತಗಡು ಕಪ್ಪಾದರೆ ಏನಾಗಬಹುದು. ಆಗಲೇಬೇಕೆಂದೇನೂ ಇಲ್ಲ ಎಂಬುದನ್ನೂ ಹೇಳಿದೆ.

ಅತ್ತೆ ಎದ್ದು ಹೋಗಿ ಗೋಣಿಚೀಲಕ್ಕೆ ನೀರು ಚಿಮುಕಿಸಿ ಬಂದಳು.

“ಅಂದ್ರ ನಾವು ಸ್ವಚ್ಛ ಇದ್ದದ್ದು ತಪ್ಪು.”

“ತಪ್ಪಲ್ಲ ಅತ್ತಿ. ಅದಕ್ಕ ತಿಳಿಯಂಗಿಲ್ಲ.”

“ಅದಕ್ಕ ತಿಳಿಯಂಗಿಲ್ಲಂದ್ರ ನಿಮ್ಮ ಮೇಡಂ ಬಾಯಿಯವರಿಗೆ ತಿಳಿಯಂಗಿಲ್ಲೇನ? ನೀ ಹೇಳಿಲ್ಲೇನ?”

“ಹೇಳೀನಿ.”

“ಮತ್ತ?”

ಮತ್ತೆ ಅದೇ ‘ಮತ್ತ’.

“ನಾ ಕೆರಿಯಂಗಿಲ್ಲ,” ಎಂದಳು ಅತ್ತೆ. “ಕೈ ಸುಟ್ಟುಕೊಂಡು ಬಳದೀನಿ. ಸುಣ್ಣ ಹೊಡದಾಗಿಂದ ಒಂದೀಟು ಝಳ ಸೈತ ಕಡಿಮಿ ಆಗ್ಯದ. ಇದ್ದ ತಂಪೂ ಕಳಕೊಂಡು, ಮನಿ ಹೊಲಸ ಮಾಡಿ, ನೋಡ್ರಿಯಪ್ಪಾ ನಾವು ಭಿಕಾರಿಗಳು ಅಂತ ಆಕಾಶಕ್ಕ ಕೈ ಒಡ್ಡಲೇನ? ನಮ್ಮವ್ವ ಹಂಗ ಬೆಳಸಿಲ್ಲ ನನಗ.”

“ಹತ್ತು,” ಎಂದರು ಮಾವ.

ನಾವಿಬ್ಬರೂ ತಿರುಗಿ ನೋಡಿದೆವು. ಕಣ್ಣು ತಗಡಿನ ಮೇಲೇ ಇಟ್ಟು ಹೇಳುತ್ತಿದ್ದರು. ಒಂದೊಂದು ಮಾತಿಗೂ ಒಂದೊಂದು ಉಸಿರು ಹುಡುಕುತ್ತಿದ್ದರು.

“ನಿಚ್ಚಣಿಕಿ ಹತ್ತು. ತಿಕ್ಕಿ ಹಾಕು. ನಿನ್ನ ಮರ್ಯಾದಿ ತಗಡಿನ ಮ್ಯಾಲದ. ನನ್ನ ಎದಿ ತಗಡಿನ ಕೆಳಗದ.”

ಅತ್ತೆ ಮುಖಕ್ಕೆ ಸೆರಗು ಒತ್ತಿಕೊಂಡು ಅಡುಗೆ ಮೂಲೆಗೆ ಹೋದಳು. ಪಾತ್ರೆಗಳ ಸದ್ದು ಕೇಳಿಸಿತು, ಬೇಕೆಂದೇ ಮಾಡಿದ ಸದ್ದು. ಹೊರಗೆ ಬಂದಾಗ ಕೈಯಲ್ಲಿ ಖಾಲಿ ಬಕೀಟು ಇತ್ತು.

“ಹೊಲಸಂತೂ ಮಾಡಂಗಿಲ್ಲ,” ಎಂದಳು. “ಸೆಗಣಿ ತರ್ತೀನಿ. ಅಂಗಳ ಸಾರಸಿದಂಗ ತಗಡ ಸಾರಸ್ತೀನಿ. ಅವರು ಏನರೆ ತಿಳಕೊಳ್ಳಲಿ, ನನಗ ಅದು ಸಾರಸಿದ ಮನಿ.”

ಸಂಜೆ ಬಿಸಿಲು ಇಳಿದ ಮೇಲೆ ಶುರುವಾಯಿತು. ಅದೇ ಗಳ, ಅದೇ ಕಸಬರಿಗೆ. ಮೊದಲು ಸುಣ್ಣ ಉಜ್ಜಿ ಕೆಳಗೆ ಬಿಟ್ಟರು, ಹಕ್ಕಳೆ ಹಕ್ಕಳೆಯಾಗಿ ತಲೆಯ ಮೇಲೆ ಉದುರಿತು. ಆಮೇಲೆ ಸೆಗಣಿ ನೀರು. ಅಕ್ಕಪಕ್ಕದ ಕೆಲವು ಮನೆಯವರೂ ಏಣಿ ಹಾಕಿದರು. ಬೈಗುಳವೂ ನಗುವೂ ಕಲೆತು ಓಣಿಯಲ್ಲಿ ಒಂದು ಥರದ ಗದ್ದಲ.

“ಸಾರಸೀದಿ, ರಂಗೋಲಿ ಹಾಕಂಗಿಲ್ಲೇನ?” ಎಂದು ಯಾರೋ ಕೂಗಿದರು.

“ಹಾಕಬ್ಯಾಡ್ರೇ, ಮತ್ತ ಸಾವಕಾರ್ರು ಅಂತ ಬರ್ಕೋತಾರ!” ಎಂದಳು ಅತ್ತೆ, ಏಣಿಯ ಮೇಲಿಂದ.

ಎದುರುಮನೆಯ ಆಯಿ ಮಾತ್ರ ಕಟ್ಟೆಯ ಮೇಲೆ ಕುಳಿತು ಬಿರಿದ ಬೆರಳುಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಸೊಸೆ ಏಣಿ ತರಲು ಎದ್ದರೆ ಗದರಿದಳು. “ಇಡು ಅಲ್ಲೇ. ನನ್ನ ಮನಿ ಬೆಳ್ಳಗದ, ಬೆಳ್ಳಗೇ ಇರ್ತದ. ಕೊಟ್ರ ಕೊಡಲಿ, ಬಿಟ್ರ ಬಿಡಲಿ.”

ಸುಣ್ಣ ಹೋದ ಮೇಲೆ, ಮುಂದಿನ ದಿನಗಳಲ್ಲಿ ಆ ಮನೆಯೊಳಗೆ ಏರಿದ ಧಗೆಯನ್ನು ನಾನು ಬರೆಯಲಾರೆ. ಇಂಟರ್ನ್‌ಶಿಪ್ಪಿನ ಕೊನೆಯ ಸಭೆ ಆಗಲೇ ಬಂತು. ಎಲ್ಲರೂ ಪರದೆಯ ಮೇಲೆ ಸೇರುವ ಸಭೆ, ಹಣ ಕೊಟ್ಟವರೂ ಬರುತ್ತಾರೆ, ಸುಣ್ಣದ ಉದಾಹರಣೆಯನ್ನು ನೀವೇ ಹೇಳಬೇಕು ಎಂದರು ಮೇಡಂ. ನಾನು ಸೇಡಂನಲ್ಲಿ ನಮ್ಮ ಕಲ್ಲು ಮಾಳಿಗೆಯ ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಹೇಳಬಹುದಿತ್ತು. ಬೇಕೆಂದೇ ಅತ್ತೆಯ ಮನೆಗೆ ಹೋದೆ. ಮಧ್ಯಾಹ್ನ, ಮಾವನ ಪಕ್ಕದಲ್ಲಿ, ಗೋಡೆಗೆ ಫೋನು ಒರಗಿಸಿ ಕುಳಿತೆ. ಬೆವರು ಕಣ್ಣಿಗಿಳಿಯುತ್ತಿತ್ತು. ಪರದೆಯ ಆ ಚೌಕಗಳಲ್ಲಿ ಕೆಲವರು ಕೋಟು ಹಾಕಿಕೊಂಡಿದ್ದರು. ಅವರ ಕೋಣೆಗಳಲ್ಲಿ ಚಳಿಯಿತ್ತು ಎಂದು ಕಾಣುತ್ತದೆ.

ಹೇಳತೊಡಗಿದೆ. ಬೀಗರು ಬರುತ್ತಾರೆಂದು ಅಂಗಳ ಗುಡಿಸುವ ಹಾಗೆ ಈ ಓಣಿಯವರು ತಗಡಿಗೆ ಸುಣ್ಣ ಬಳಿದರು ಎಂದೆ. ಕೆಲವರು ಮುಗುಳ್ನಕ್ಕರು. ಆ ಸುಣ್ಣಕ್ಕಾಗಿಯೇ ಇವರನ್ನು ಬಿಟ್ಟಿರಿ ಎಂದೆ. ತಲೆಯಾಡಿಸಿದರು. “ಈಗ ನಾನು ಕುಳಿತಿರುವುದು ಅದೇ ಮನೆಯಲ್ಲಿ. ನನ್ನ ಪಕ್ಕ ಮಲಗಿರುವವರನ್ನು ನೋಡಿ,” ಎಂದು ಫೋನು ತಿರುಗಿಸಿದೆ.

ಫೋನು ಕಪ್ಪಾಯಿತು. ಕಾವು ಹೆಚ್ಚಾಗಿದೆ, ತಣ್ಣಗಾಗುವವರೆಗೆ ಬಳಸಬೇಡಿ ಎಂಬ ಒಂದು ಸಾಲು ಮೂಡಿ, ಅದೂ ಹೋಯಿತು.

ಅತ್ತೆ ಬಗ್ಗಿ ನೋಡಿದಳು. “ಯಾಕ? ಏನಾಯ್ತದಕ್ಕ?”

“ಧಗಿ ತಡಕೊಳ್ಳಾಕ ಆಗಲಿಲ್ಲಂತ ಅತ್ತಿ.”

“ಅಯ್ಯ, ಪಾಪ!” ಎಂದು ಅದನ್ನೆತ್ತಿ ನೀರಿನ ಮಡಿಕೆಯ ಪಕ್ಕ ಒದ್ದೆ ಬಟ್ಟೆಯ ಮೇಲಿಟ್ಟಳು. ಮನೆಯಲ್ಲಿ ಇದ್ದದ್ದು ಒಂದೇ ತಂಪಿನ ಜಾಗ, ಅದನ್ನೂ ಬಂದವರಿಗೇ ಬಿಟ್ಟುಕೊಟ್ಟಳು.

ಫೋನು ಮತ್ತೆ ಜೀವ ಹಿಡಿದಾಗ ಸಭೆ ಮುಗಿದಿತ್ತು. ಮೇಡಂ ಬರೆದಿದ್ದರು: ತುಂಬ ಚೆನ್ನಾಗಿ ಮಾತಾಡಿದಿರಿ, ಎಲ್ಲರಿಗೂ ಮನಸ್ಸಿಗೆ ನಾಟಿತು, ಕೊನೆಯಲ್ಲಿ ನಿಮ್ಮ ಊರಿನ ನೆಟ್‌ವರ್ಕ್ ಕೈಕೊಟ್ಟಿತು, ಪರವಾಗಿಲ್ಲ.

ನೆಟ್‌ವರ್ಕ್ ಅಂತೆ! ನೆಟ್‌ವರ್ಕಿನ ಗೆರೆಗಳು ತುಂಬಿ ನಿಂತಿದ್ದವು.

ಆ ವಾರವೇ ಮಾವನನ್ನು ಕಲಬುರಗಿ ದವಾಖಾನೆಗೆ ಸಾಗಿಸಬೇಕಾಯಿತು. ಝಳ ಬಡಿದಿತ್ತು. ಅವರು ಅಲ್ಲಿರುವಾಗಲೇ ಯಂತ್ರ ಹೊಸ ಚಿತ್ರ ನೋಡಿ ಹೊಸ ಅಂಕ ಹಾಕಿತು. ಸೆಗಣಿ ಸಾರಿಸಿದ ಮನೆಗಳು ಮೇಲೆ ಬಂದವು. ಎರಡನೇ ಚಾವಣಿಯ ಸಾಮಾನು ಹೊತ್ತ ಟೆಂಪೊ ಓಣಿಗೆ ಬಂದಾಗ ಬೇಸಿಗೆ ಮುಗಿದು ಮಿರಗದ ಮಳೆ ಹತ್ತಿತ್ತು. ತಗಡಿನ ಸೆಗಣಿಯೆಲ್ಲ ತೊಳೆದುಹೋಗಿ ಗೋಡೆಯ ಮೇಲೆ ಇಳಿದಿತ್ತು. ಮಾವ ಮರಳಿ ಬಂದದ್ದು ಹೊಸ ಚಾವಣಿಯ ಕೆಳಗೇ. ಇದ್ದಾರೆ. ಆದರೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದವರು ಈಗ ಹಾಸಿಗೆ ಬಿಟ್ಟೇಳುವುದಿಲ್ಲ, ಮತ್ತು ಅತ್ತೆಯನ್ನು ರೇಗಿಸುವಷ್ಟು ಉಸಿರು ಅವರಲ್ಲಿ ಉಳಿದಿಲ್ಲ. ಅತ್ತೆ ಅದನ್ನೇ ಹೇಳಿ ಹೇಳಿ ಅಳುತ್ತಾಳೆ. “ಬೈಯಂಗಿಲ್ಲ ನೋಡವಾ ಈಗ. ಒಂದ್ ಮಾತ ಬೈಯಂಗಿಲ್ಲ.”

ಎದುರುಮನೆಯ ಆಯಿಗೆ ಚಾವಣಿ ಬರಲಿಲ್ಲ. ಅವಳ ತಗಡು ಬೆಳ್ಳಗಿತ್ತು.

ಈ ವರ್ಷ ಯುಗಾದಿಗೆ ಶಹಾಬಾದಿಗೆ ಹೋಗಿದ್ದಾಗ ಮೇಡಂ ಫೋನು ಮಾಡಿದರು. ಬಹಳ ಸಂತೋಷದಲ್ಲಿದ್ದರು. ನನ್ನಿಂದಾಗಿ ಯಂತ್ರವನ್ನು ತಿದ್ದಿದ್ದಾರಂತೆ. ಇನ್ನು ಮೇಲೆ ಸುಣ್ಣ ಕಂಡರೆ ಅದು ಮೋಸ ಹೋಗುವುದಿಲ್ಲವಂತೆ. ಬೇರೊಂದು ರಾಜ್ಯದಲ್ಲಿ ಅದನ್ನು ಬಳಸುತ್ತಾರಂತೆ.

“ತಿದ್ದಿದ್ದು ಒಳ್ಳೆಯದಾಯಿತು ಮೇಡಂ. ಹಾಗಾದರೆ ಇಲ್ಲಿ ಬಿಟ್ಟುಹೋದ ಮನೆಗಳಿಗೆ?”

“ಆ ಪ್ರಾಜೆಕ್ಟ್ ಮುಗಿದುಹೋಯ್ತಲ್ಲಮ್ಮ. ಈಗ ನಮ್ಮ ಲೇಖನ ಬರ್ತಾ ಇದೆ, ಅದರಲ್ಲಿ ನಿಮ್ಮ ಹೆಸರೂ ಇರುತ್ತೆ. ಒಂದು ಸಹಾಯ ಬೇಕು. ಆ ಬಿಳಿ ಓಣಿಯ ಒಂದು ಚೆಂದದ ಫೋಟೋ ಕಳಿಸ್ತೀರಾ? ಎತ್ತರದಿಂದ ತೆಗೆದಿದ್ದರೆ ಒಳ್ಳೆಯದು.”

ಏನೋ ಒಂದು ಸಿಡಿದುಬಿಡುತ್ತಿತ್ತು ನನ್ನ ಬಾಯಿಂದ. ಆದರೆ ಫೋನು ಸ್ಪೀಕರಿನಲ್ಲಿತ್ತು, ಅತ್ತೆ ಪಕ್ಕದಲ್ಲೇ ಕುಳಿತು ಹಬ್ಬಕ್ಕೆಂದು ಸುಣ್ಣ ಕದಡುತ್ತಿದ್ದಳು. ಎದುರುಮನೆಯ ಆಯಿ ಕಟ್ಟೆಯ ಮೇಲೆ, ಮಳೆಗೆ ಸುಣ್ಣ ಕಳೆದುಕೊಂಡ ತಗಡಿನ ನೆರಳನ್ನು ಹುಡುಕಿ ಹುಡುಕಿ ಸರಿದು ಕುಳಿತುಕೊಳ್ಳುತ್ತಿದ್ದಳು. ಅತ್ತೆ ಕೋಲು ಬಕೀಟಿನಲ್ಲೇ ಬಿಟ್ಟು, ನನ್ನ ಕೈಯಿಂದ ಫೋನು ಇಸಿದುಕೊಂಡಳು. ಸುಣ್ಣದ ಬೆರಳಿನ ಗುರುತು ಪರದೆಯ ಮೇಲೆ ಹಾಗೇ ಮೂಡಿತು.

“ನಮಸ್ಕಾರ್ರಿ ಬಾಯಾರ. ಆರಾಮಿದ್ದೀರಿ? ಊಟ ಆಯ್ತಾ?”

ಆ ಕಡೆಯವರು ಗಲಿಬಿಲಿಗೊಂಡು ಆಯಿತೆಂದರು.

“ಫೋಟೋ ಬ್ಯಾಡ್ರಿ. ನೀವೇ ಬರ್ರಿ, ಮೇ ತಿಂಗಳಾಗ. ನಮ್ಮ ಮನಿಗಿ ಬ್ಯಾಡ, ನಮ್ಮ ಎದುರುಮನಿ ಆಯಿ ಬಲ್ಲಿ ಬಂದು ಮಧ್ಯಾಹ್ನ ಕುಂದ್ರಿ. ರೊಟ್ಟಿ ನಾ ಕೊಡ್ತೀನಿ. ಮ್ಯಾಲಿಂದ ಭಾಳ ನೋಡೀರಿ. ಕೆಳಗ ಬಾಗಿಲ ಅದರಿ ಮನಿಗಿ.”

ಮೇಡಂ “ಖಂಡಿತ, ಖಂಡಿತ” ಎಂದರು. ಅತ್ತೆ ಫೋನನ್ನು ನನಗೆ ಕೊಟ್ಟು, ಬಕೀಟು ಎತ್ತಿಕೊಂಡು ಎದ್ದಳು.

“ಬರಂಗಿಲ್ಲ ಆಕಿ,” ಎಂದಳು. “ನಡಿ, ನಿಚ್ಚಣಿಕಿ ಹಿಡಿ. ಮೊದಲ ಆಯಿ ಮನಿಗಿ ಹೊಡಿಯೂಣು.”